ಕೈಯಲ್ಲಿ ಕೋಲಿಲ್ಲದ ಮುಂದಾಳು

ಮಂಗಳೂರಿನಿಂದ ಮೂಡುಬಿದಿರೆಯ ದಾರಿ ಹಿಡಿದು ವಾಮಂಜೂರಿಗೆ ಬಂದವರ ಕಣ್ಣಿಗೆ ಎರಡು ಕಾಲಗಳು ಅಕ್ಕಪಕ್ಕದಲ್ಲಿಯೇ ಬೀಳುತ್ತವೆ. ಒಂದೆಡೆ ಮುರಕಲ್ಲಿನ ಗೋಡೆ, ಹಂಚಿನ ಮಾಡು. ಇನ್ನೊಂದೆಡೆ ಕಾಂಕ್ರೀಟಿನ ಮಹಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ತಲೆಮಾರುಗಳವರೆಗೆ ಇಲ್ಲಿನ ಮನೆಯ ನಕ್ಷೆ ಮೇಸ್ತ್ರಿಯ ತಲೆಯಲ್ಲಿಯೇ ಇರುತ್ತಿತ್ತು. ಯಜಮಾನನೂ ಬಡಗಿಯೂ ಮೇಸ್ತ್ರಿಯೂ ಅಂಗಳದಲ್ಲಿ ನಿಂತು ಮಾತಾಡಿದರೆ ಮನೆ ಎದ್ದಂತೆಯೇ. ಇಂದು ಜೀವಮಾನದ ಉಳಿತಾಯವನ್ನು ಗೃಹಸ್ಥನು ತನಗೆ ಪರಿಚಯವಿಲ್ಲದ ವಾಸ್ತುಶಿಲ್ಪಿಯ ಕೈಗೊಪ್ಪಿಸಬೇಕಾಗಿದೆ. ಆ ನಂಬಿಕೆಗೆ ಹೊಣೆ ಯಾರು?

ಈ ಪ್ರಶ್ನೆಗೆ ವೃತ್ತಿಯವರು ಕಂಡುಕೊಂಡ ಉತ್ತರವೇ ಸಂಘ. 1917ರಲ್ಲಿ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಓದಿದ ಕೆಲವರು ಕೂಡಿ ಒಂದು ಪುಟ್ಟ ಕೂಟ ಕಟ್ಟಿದರು. ಗೇಟ್‌ವೇ ಆಫ್ ಇಂಡಿಯಾದ ವಿನ್ಯಾಸಕಾರ ಜಾರ್ಜ್ ವಿಟೆಟ್ ಅದರ ಮೊದಲ ಅಧ್ಯಕ್ಷರು. ಆ ಕೂಟವೇ 1929ರಲ್ಲಿ ‘ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್’ ಎಂಬ ಹೆಸರು ತಳೆದು ದೇಶವ್ಯಾಪಿಯಾಯಿತು. ಅದನ್ನು ಕಾಣುವ ಭಾಗ್ಯ ವಿಟೆಟ್ಟರಿಗೆ ಇರಲಿಲ್ಲ. ಅವರು 1926ರಲ್ಲಿಯೇ ತೀರಿಕೊಂಡಿದ್ದರು.

ಇಂಥ ಸಂಘದ ಅಧ್ಯಕ್ಷಪದವಿ ಹೊರಗಿನಿಂದ ಕಂಡಷ್ಟು ಸುಖದ್ದಲ್ಲ. ವಾಸ್ತುಶಿಲ್ಪಿಗಳ ಹೆಸರನ್ನು ಪಟ್ಟಿಗೆ ಸೇರಿಸುವ, ತಪ್ಪಿದವರನ್ನು ತೆಗೆದುಹಾಕುವ ಅಧಿಕಾರವನ್ನು 1972ರ ವಾಸ್ತುಶಿಲ್ಪಿಗಳ ಕಾಯಿದೆಯು ಬೇರೊಂದು ಪರಿಷತ್ತಿಗೆ ಕೊಟ್ಟಿದೆ. ಸಂಘಕ್ಕೆ ಇರುವುದು ಆ ಪರಿಷತ್ತಿಗೆ ತನ್ನ ಸದಸ್ಯರಲ್ಲಿ ಐವರನ್ನು ಚುನಾಯಿಸಿ ಕಳುಹಿಸುವ ಹಕ್ಕು. ಸದಸ್ಯತ್ವವೋ ಸ್ವಇಚ್ಛೆಯದು, ಬೇಸರವಾದರೆ ಬಿಟ್ಟು ನಡೆಯಬಹುದು. ಸದಸ್ಯರೂ ಸಾಮಾನ್ಯರಲ್ಲ. ಬೆಳಗ್ಗೆ ಒಂದೇ ಕೆಲಸಕ್ಕಾಗಿ ಪೈಪೋಟಿ ನಡೆಸಿದವರು ಸಂಜೆ ಒಂದೇ ಸಭೆಯಲ್ಲಿ ಕುಳಿತಿರುತ್ತಾರೆ! ದಂಡಿಸುವ ಕೋಲಿಲ್ಲದೆ ಇವರನ್ನು ಒಂದು ಮರ್ಯಾದೆಯೊಳಗೆ ಇರಿಸಬೇಕಾದರೆ, ಮುಂದಾಳಿಗೆ ತನ್ನ ನಡತೆಯ ಬಲವೊಂದೇ ಆಸರೆ.

2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ತೀರ್ಪಿನಲ್ಲಿ ಈ ಕಾಯಿದೆಯ ಮೇರೆಯನ್ನು ಸ್ಪಷ್ಟಪಡಿಸಿತು. ‘ಆರ್ಕಿಟೆಕ್ಟ್’ ಎಂಬ ಬಿರುದು ನೋಂದಾಯಿತರಿಗೆ ಮಾತ್ರ ಸಲ್ಲುತ್ತದೆ. ಆದರೆ ಕಟ್ಟಡ ವಿನ್ಯಾಸದ ಕೆಲಸವನ್ನೇ ಇತರರು ಮಾಡಕೂಡದೆಂದು ಕಾಯಿದೆ ನಿಷೇಧಿಸುವುದಿಲ್ಲ. ಕಾನೂನು ಹೆಸರನ್ನು ಕಾಯಬಲ್ಲದು. ಆ ಹೆಸರಿಗೆ ಬೆಲೆ ತರಬೇಕಾದವರು ವೃತ್ತಿಯವರೇ. ತಮ್ಮವರ ಲಾಭವೊಂದನ್ನೇ ನೋಡುವ ಅಧ್ಯಕ್ಷನ ಕೈಯಲ್ಲಿ ಸಂಘವು ಬರಿಯ ಕೂಟವಾಗುತ್ತದೆ. ಸದಸ್ಯನ ತಪ್ಪನ್ನು ಸದಸ್ಯರೆದುರಿಗೇ ತಪ್ಪೆನ್ನಬಲ್ಲವನ ಕೈಯಲ್ಲಿ ಅದು ಊರಿಗೆ ಆಸ್ತಿಯಾಗುತ್ತದೆ. ಮುಂದಿನ ಚುನಾವಣೆಯಲ್ಲಿ ಅವನು ಸೋಲಬಹುದೆಂಬುದೂ ನಿಜ.

ಗೃಹಸ್ಥನ ಪಾಲಿನ ಕರ್ತವ್ಯವೂ ಇದೆ. ಹೆಣ್ಣು ಕೊಡುವಾಗ ಹತ್ತು ಮನೆ ವಿಚಾರಿಸುವ ನಾವು, ಮನೆ ಕಟ್ಟುವಾಗ ನಕ್ಷೆ ಬರೆಯುವವರ ನೋಂದಣಿಯನ್ನಾದರೂ ವಿಚಾರಿಸಬೇಡವೇ? ವಾಮಂಜೂರಿನ ಮಳೆ ಯಾರ ಬಿರುದನ್ನೂ ಕೇಳುವುದಿಲ್ಲ. ಆಷಾಢದ ಮೊದಲ ರಾತ್ರಿಯಲ್ಲಿಯೇ ಅದು ಮಾಡನ್ನು ಪರೀಕ್ಷಿಸಿಬಿಡುತ್ತದೆ.