ಘಾಟಿ ಹತ್ತುವ ಬೈಕಿನ ಹೊರೆ: ಎಷ್ಟು, ಎಲ್ಲಿ?

ಮಳೆ ತಗ್ಗಿದರೂ ಜಲಪಾತಗಳು ಇನ್ನೂ ತುಂಬಿ ಹರಿಯುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಂಗಳೂರಿನಿಂದ ಆಗುಂಬೆ, ಚಾರ್ಮಾಡಿ, ಸಂಪಾಜೆ ಘಾಟಿಗಳತ್ತ ಹೊರಡುವ ಬೈಕುಗಳು ಹೆಚ್ಚುತ್ತವೆ. ಅವುಗಳಲ್ಲಿ ಹಲವುಗಳ ಮೇಲೆ ಇಬ್ಬರು ಕುಳಿತಿರುವುದಲ್ಲದೆ, ಹಿಂಬದಿ ಸವಾರರ ಬೆನ್ನಿಗೆ ತಾಗಿಕೊಂಡು ಒಂದು ಪೆಟ್ಟಿಗೆಯೋ, ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದ ಚೀಲವೋ ಇರುತ್ತದೆ. ಹೊರಡುವ ಮುನ್ನ ಎಂಜಿನ್ ಆಯಿಲ್, ಚೈನು, ಬ್ರೇಕುಗಳನ್ನು ಗ್ಯಾರೇಜಿನಲ್ಲಿ ತೋರಿಸುವ ವಾಡಿಕೆ ಇದೆಯಾದರೂ, ಬೈಕು ಒಟ್ಟು ಎಷ್ಟು ತೂಕ ಹೊರಬಲ್ಲದು ಎಂದು ವಿಚಾರಿಸುವವರು ಕಡಿಮೆ, ವಿಚಾರಿಸಿದರೂ ಮೂವರನ್ನು ಕೂರಿಸಿಕೊಂಡು ಊರೆಲ್ಲ ಸುತ್ತುವ ಗಾಡಿಗೆ ಒಂದು ಚೀಲ ಯಾವ ಲೆಕ್ಕ ಎಂಬ ಉತ್ತರವೇ ಸಿಗುವ ಸಂಭವ ಹೆಚ್ಚು. ಉತ್ತರ ತಯಾರಕರ ಕೈಪಿಡಿಯಲ್ಲಿ ಒಂದೇ ಸಂಖ್ಯೆಯಾಗಿ ಅಚ್ಚಾಗಿರುತ್ತದೆ. ಆದರೆ ಆ ಸಂಖ್ಯೆ ಹೇಳುವುದು ವಿಷಯದ ಅರ್ಧವನ್ನು ಮಾತ್ರ, ಏಕೆಂದರೆ ಎರಡು ಚಕ್ರದ ವಾಹನದಲ್ಲಿ ತೂಕ ಎಷ್ಟು ಎಂಬಷ್ಟೇ ಮುಖ್ಯವಾಗಿ ಅದು ಎಲ್ಲಿ ಕುಳಿತಿದೆ ಎಂಬುದೂ ಎಣಿಕೆಗೆ ಬರುತ್ತದೆ.

ಮೊದಲು ಸಂಖ್ಯೆಯ ವಿಚಾರ. 1988ರ ಮೋಟಾರು ವಾಹನ ಕಾಯ್ದೆಯು ವಾಹನದ ತೂಕಕ್ಕೆ ಅದಕ್ಕೆ ಅನುಮತಿಸಲಾದ ಹೊರೆಯನ್ನು ಕೂಡಿಸಿದ ಮೊತ್ತವನ್ನು ಒಟ್ಟು ವಾಹನ ತೂಕ ಎಂದು ಕರೆಯುತ್ತದೆ. ಕೈಪಿಡಿಗಳಲ್ಲಿ ಕರ್ಬ್ ತೂಕ ಎಂದು ಕಾಣುವುದು ಆಯಿಲ್ ಹಾಗೂ ಬಹುತೇಕ ತುಂಬಿದ ಪೆಟ್ರೋಲ್ ಟ್ಯಾಂಕ್ ಸಮೇತ, ಸವಾರರಿಲ್ಲದೆ ನಿಂತ ಬೈಕಿನ ತೂಕ. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಹೊರೆಯ ಮಿತಿ, ಮತ್ತು ಈ ಮಿತಿಯೊಳಗೆ ಚೀಲವಷ್ಟೇ ಅಲ್ಲದೆ ಸವಾರರು, ಅವರ ಹೆಲ್ಮೆಟ್, ಜಾಕೆಟ್, ಬೂಟು, ಆಮೇಲೆ ಅಳವಡಿಸಿದ ಕ್ರ್ಯಾಶ್ ಗಾರ್ಡ್, ಪೆಟ್ಟಿಗೆ ಮತ್ತು ಅದನ್ನು ಹಿಡಿಯುವ ಕಬ್ಬಿಣದ ಚೌಕಟ್ಟು ಎಲ್ಲವೂ ಸೇರುತ್ತವೆ.

ದೂರ ಪ್ರಯಾಣಕ್ಕೆಂದೇ ರೂಪಿಸಲಾದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಕರ್ಬ್ ತೂಕ 196 ಕೆ.ಜಿ., ಒಟ್ಟು ವಾಹನ ತೂಕ 394 ಕೆ.ಜಿ.; ಹಾಗಾಗಿ ಹೊರೆಗೆ 198 ಕೆ.ಜಿ. ಸಿಗುತ್ತದೆ. ಎಪ್ಪತ್ತೈದು ಕೆ.ಜಿ.ಯ ಸವಾರ, ಅರವತ್ತೈದು ಕೆ.ಜಿ.ಯ ಸಹಸವಾರ, ಇಬ್ಬರ ರಕ್ಷಣಾ ಉಡುಪು ಸೇರಿ ಹನ್ನೆರಡು, ಗಾರ್ಡು, ಚೌಕಟ್ಟು ಮತ್ತು ಖಾಲಿ ಪೆಟ್ಟಿಗೆಗಳಿಗೆ ಇಪ್ಪತ್ತೈದು ಎಂದು ಹಿಡಿದರೆ ಬಟ್ಟೆಬರೆಗೆ ಉಳಿಯುವುದು 21 ಕೆ.ಜಿ. ಮಾತ್ರ. ನೂರು ಸಿ.ಸಿ. ವರ್ಗದ ಹೀರೊ ಸ್ಪ್ಲೆಂಡರ್‌ನಂಥ ಬೈಕುಗಳ ಕೈಪಿಡಿಯಲ್ಲಿ ಗರಿಷ್ಠ ಹೊರೆ 130 ಕೆ.ಜಿ. ಎಂದಿರುತ್ತದೆ, ಅಂದರೆ ಮೇಲಿನ ಇಬ್ಬರೇ, ಒಂದು ನೀರಿನ ಬಾಟಲಿಯನ್ನೂ ಇಟ್ಟುಕೊಳ್ಳದೆ, ಹತ್ತು ಕೆ.ಜಿ.ಯಷ್ಟು ಮಿತಿ ಮೀರಿರುತ್ತಾರೆ. ಮೂರು ಪೆಟ್ಟಿಗೆ ಕಟ್ಟಿಕೊಂಡು ಹಿಮದ ದಾರಿಯಲ್ಲಿ ನಿಂತ ಬೈಕಿನ ಜಾಹೀರಾತು ಚಿತ್ರಗಳಲ್ಲಿ ಈ ಕಳೆಯುವ ಲೆಕ್ಕ ಎಲ್ಲಿಯೂ ಕಾಣುವುದಿಲ್ಲ.

ಮಿತಿಯನ್ನು ನಿರ್ಧರಿಸುವುದು ಎಂಜಿನ್ ಎಂಬುದು ಸಾಮಾನ್ಯ ನಂಬಿಕೆ. ಎಂಜಿನ್ ಸಾಲದಿದ್ದರೆ ಬೈಕು ನಿಧಾನವಾಗಿ ಹತ್ತುತ್ತದೆ, ಅಷ್ಟೆ. ನಿಜವಾದ ಮಿತಿ ಇರುವುದು ಟಯರು, ಚಕ್ರ, ಶಾಕ್ ಅಬ್ಸಾರ್ಬರ್, ಬ್ರೇಕು ಮತ್ತು ಸೀಟಿನ ಕೆಳಗಿನ ಹಿಂಬದಿ ಚೌಕಟ್ಟುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರಲ್ಲಿ. ಲೋಹದ ಚೌಕಟ್ಟು ಒಂದೇ ಸಲದ ಭಾರಕ್ಕೆ ಮುರಿಯುವುದು ವಿರಳ. ಮುರಿಯುವ ಮಟ್ಟಕ್ಕಿಂತ ಎಷ್ಟೋ ಕಡಿಮೆಯಾದ ಹೊಡೆತಗಳು ಲಕ್ಷಾಂತರ ಬಾರಿ ಬಿದ್ದಾಗ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ ಬೆಳೆಯುತ್ತದೆ. ಲೋಹದ ದಣಿವು ಎನ್ನಲಾಗುವ ಈ ವಿದ್ಯಮಾನವನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲು ಬಂಡಿಗಳ ಅಚ್ಚುಗಳನ್ನು ಪರೀಕ್ಷಿಸುತ್ತ ವ್ಯವಸ್ಥಿತವಾಗಿ ಅಳೆದನು. ಹೊಡೆತದ ಬಲ ಸ್ವಲ್ಪ ಹೆಚ್ಚಿದರೆ ಆಯುಸ್ಸು ಬಹಳಷ್ಟು ಕುಸಿಯುತ್ತದೆ ಎಂಬುದು ಆ ಪರೀಕ್ಷೆಗಳ ಸಾರ. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗೆ ವರ್ಷಗಟ್ಟಲೆ ನಡೆದ ಹೆದ್ದಾರಿ ಕಾಮಗಾರಿಯ ಹೊಂಡಗಳಲ್ಲಿ ಹಾದವರಿಗೆ ಈ ಹೊಡೆತಗಳ ಪರಿಚಯ ಮಾಡಿಕೊಡಬೇಕಾಗಿಲ್ಲ; ಹೊಂಡದಿಂದ ಮೇಲೇಳುವ ಕ್ಷಣದಲ್ಲಿ ಚೌಕಟ್ಟಿನ ಮೇಲಿನ ಬಲ ನಿಂತ ಬೈಕಿನ ಮೇಲಿನ ಬಲಕ್ಕಿಂತ ಎರಡು, ಮೂರು ಪಟ್ಟಾಗುವುದುಂಟು.

ಇನ್ನು ಹೊರೆಯ ಸ್ಥಾನ. ಕರಾವಳಿಯ ತೋಟಗಳಲ್ಲಿ ಪಂಪುಸೆಟ್ಟುಗಳು ಬರುವ ಮೊದಲು ಬಾವಿಯಿಂದ ನೀರೆತ್ತಲು ಬಳಕೆಯಲ್ಲಿದ್ದ ಏತವನ್ನು ಇಲ್ಲಿ ನೆನೆಯಬಹುದು. ನೆಟ್ಟ ಕಂಬದ ಮೇಲೆ ಅಡ್ಡಲಾಗಿ ಕೂರಿಸಿದ ಉದ್ದನೆಯ ಮರ, ಅದರ ಮುಂದಿನ ತುದಿಗೆ ಮರಿಗೆ, ಹಿಂದಿನ ತುದಿಗೆ ಕಟ್ಟಿದ ಕಲ್ಲು: ತುಂಬಿದ ಮರಿಗೆಯನ್ನು ಮೇಲೆತ್ತುವ ಕೆಲಸದಲ್ಲಿ ಕಲ್ಲಿನ ಪಾಲು ಅದರ ತೂಕದಿಂದ ಮಾತ್ರ ನಿರ್ಧಾರವಾಗದೆ, ಕಂಬದಿಂದ ಅದು ಎಷ್ಟು ದೂರದಲ್ಲಿದೆ ಎಂಬುದರಿಂದಲೂ ನಿರ್ಧಾರವಾಗುತ್ತಿತ್ತು, ಮತ್ತು ಏತ ಕಟ್ಟುವವರು ಕಲ್ಲು ಬದಲಿಸುವ ಬದಲು ಅದನ್ನು ಒಂದು ಗೇಣು ಹಿಂದೆ ಸರಿಸಿ ಕೆಲಸ ಸಾಧಿಸಬಹುದಾಗಿತ್ತು. ಬೈಕಿನ ಹಿಂದಿನ ಚಕ್ರದ ಅಚ್ಚನ್ನು ಕಂಬವೆಂದು ಭಾವಿಸಿದರೆ ಮುಂದಿನ ಚಕ್ರ ಮರಿಗೆಯ ಜಾಗದಲ್ಲಿರುತ್ತದೆ, ಅಚ್ಚಿನಿಂದಾಚೆ ಚಾಚಿಕೊಂಡ ಪೆಟ್ಟಿಗೆ ಕಲ್ಲಿನ ಜಾಗದಲ್ಲಿರುತ್ತದೆ. ಆ ಪೆಟ್ಟಿಗೆ ಹಿಂದಿನ ಚಕ್ರವನ್ನು ತನ್ನ ತೂಕಕ್ಕಿಂತ ಹೆಚ್ಚಾಗಿ ಒತ್ತುತ್ತದೆ, ಮತ್ತು ಹೆಚ್ಚಾದಷ್ಟನ್ನು ಮುಂದಿನ ಚಕ್ರದಿಂದ ಎತ್ತಿಬಿಡುತ್ತದೆ.

ಇದನ್ನು ಅಂಕಿಗಳಲ್ಲಿ ನೋಡುವುದು ಸುಲಭ. ಎರಡು ಚಕ್ರಗಳ ಅಚ್ಚುಗಳ ನಡುವಿನ ಅಂತರ ಒಂದೂವರೆ ಮೀಟರ್ ಎಂದೂ, 196 ಕೆ.ಜಿ.ಯ ಬೈಕಿನ ಸ್ವಂತ ತೂಕ ಎರಡು ಚಕ್ರಗಳ ಮೇಲೆ ಸಮನಾಗಿ ಹಂಚಿದೆ ಎಂದೂ ಇಟ್ಟುಕೊಳ್ಳಬಹುದು. ಹಿಂದಿನ ಅಚ್ಚಿಗಿಂತ ಅರ್ಧ ಮೀಟರ್ ಮುಂದೆ ಕುಳಿತ 75 ಕೆ.ಜಿ.ಯ ಸವಾರ ಒಬ್ಬನೇ ಇದ್ದಾಗ ಮುಂದಿನ ಚಕ್ರದ ಮೇಲೆ 123 ಕೆ.ಜಿ. ಇರುತ್ತದೆ, ಅಂದರೆ ಒಟ್ಟು ತೂಕದ ಶೇ. 45. ಅಚ್ಚಿಗಿಂತ ಇಪ್ಪತ್ತು ಸೆಂಟಿಮೀಟರ್ ಮಾತ್ರ ಮುಂದಿರುವ 65 ಕೆ.ಜಿ.ಯ ಸಹಸವಾರರಿಂದ ಮುಂದಿನ ಚಕ್ರಕ್ಕೆ ಸೇರುವುದು ಸುಮಾರು 9 ಕೆ.ಜಿ., ಉಳಿದ 56 ಹಿಂದಕ್ಕೆ. ಅಚ್ಚಿನಿಂದ ಮೂವತ್ತು ಸೆಂಟಿಮೀಟರ್ ಹಿಂದಿರುವ 20 ಕೆ.ಜಿ.ಯ ಪೆಟ್ಟಿಗೆ ಹಿಂದಿನ ಚಕ್ರದ ಮೇಲೆ 24 ಕೆ.ಜಿ. ಹೇರಿ ಮುಂದಿನಿಂದ 4 ಕೆ.ಜಿ. ಕಳೆಯುತ್ತದೆ. ಮುಂದಿನ ಚಕ್ರದ ಪಾಲು ಈಗ ಶೇ. 36ಕ್ಕೆ ಇಳಿದಿರುತ್ತದೆ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಘಾಟಿ ರಸ್ತೆಯಲ್ಲಿ, ತೂಕದ ಕೇಂದ್ರ ನೆಲದಿಂದ ಎಂಬತ್ತು ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಇಳಿಜಾರಿನ ಕಾರಣಕ್ಕೇ ಇನ್ನೂ 19 ಕೆ.ಜಿ. ಹಿಂದಕ್ಕೆ ಜಾರಿ ಆ ಪಾಲು ಶೇ. 31ರ ಹತ್ತಿರ ಬರುತ್ತದೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ, ಹಸಿ ಎಲೆ ಬಿದ್ದ ರಸ್ತೆಯ ಮೇಲೆ, ದಿಕ್ಕು ತಿರುಗಿಸುವ ಹಿಡಿತವೆಲ್ಲ ಈ ಹಗುರಾದ ಚಕ್ರದಿಂದಲೇ ಬರಬೇಕು.

ನೇರ ರಸ್ತೆಯ ವೇಗದಲ್ಲಿ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ, ಮತ್ತು ಅದನ್ನು ಅರ್ಥ ಮಾಡಿಕೊಂಡ ಕಥೆ ಸ್ವಾರಸ್ಯಕರವಾದುದು. ಕೇಂಬ್ರಿಡ್ಜಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಫ್ರಾನ್ಸಿಸ್ ವಿಪಲ್ ಎಂಬಾತ 1899ರಲ್ಲಿ ಬೈಸಿಕಲ್ ತಾನಾಗಿ ನೆಟ್ಟಗೆ ನಿಲ್ಲುವುದರ ಸಮೀಕರಣಗಳನ್ನು ಬರೆದನು. ಅದೇ ಕಾಲದಲ್ಲಿ ಫ್ರಾನ್ಸಿನ ಎಮಾನ್ಯುಯೆಲ್ ಕಾರ್ವಾಲೊ ಸ್ವತಂತ್ರವಾಗಿ ಅದೇ ಪ್ರಶ್ನೆಯನ್ನು ಬಿಡಿಸುತ್ತಿದ್ದನು. ವಿಪಲ್ ಮುಂದೆ ಹವಾಮಾನ ವಿಜ್ಞಾನಕ್ಕೆ ಹೋದನು. ಅವನ ಸಮೀಕರಣಗಳಲ್ಲಿ ಚಕ್ರವು ಸ್ವಲ್ಪವೂ ಅಡ್ಡ ಜಾರದ ಗಟ್ಟಿ ಬಳೆಯಾಗಿತ್ತು, ಆದ್ದರಿಂದ ವೇಗದ ಮೋಟಾರ್ ಸೈಕಲಿನ ನಡವಳಿಕೆ ಅವುಗಳಿಂದ ಪೂರ್ಣವಾಗಿ ತಿಳಿಯುವಂತಿರಲಿಲ್ಲ. 1971ರಲ್ಲಿ ಇಂಗ್ಲೆಂಡಿನ ರಾಬಿನ್ ಶಾರ್ಪ್ ಅಡ್ಡಬಲಕ್ಕೆ ಬಾಗುವ ಟಯರನ್ನು ಲೆಕ್ಕಕ್ಕೆ ಸೇರಿಸಿ ಮೋಟಾರ್ ಸೈಕಲಿಗೆ ಮೂರು ಸಹಜ ಚಲನೆಗಳಿವೆ ಎಂದು ತೋರಿಸಿದರು: ನಿಧಾನವಾಗಿ ಒಂದು ಬದಿಗೆ ಮಗುಚುವುದು, ಹ್ಯಾಂಡಲ್ ಮಾತ್ರ ಸೆಕೆಂಡಿಗೆ ಆರರಿಂದ ಹತ್ತು ಬಾರಿ ನಡುಗುವ ವಾಬಲ್, ಇಡೀ ಬೈಕು ಸೆಕೆಂಡಿಗೆ ಎರಡರಿಂದ ನಾಲ್ಕು ಬಾರಿ ಎಡಬಲಕ್ಕೆ ವಾಲುತ್ತ ತೇಲುವ ವೀವ್. ಹಿಂಬದಿಯ ಹೊರೆಯಿಂದ ಕೆಡುವುದು ಮುಖ್ಯವಾಗಿ ಈ ವೀವ್. ಕದಲಿದ ಬೈಕು ತಾನಾಗಿ ಶಾಂತವಾಗುವ ಗುಣವು ಹಿಂದೆ, ಎತ್ತರದಲ್ಲಿ ಕಟ್ಟಿದ ತೂಕದಿಂದ ಕುಗ್ಗುತ್ತದೆ, ಏಕೆಂದರೆ ತಿರುಗುವಿಕೆಗೆ ವಸ್ತು ಒಡ್ಡುವ ಜಡತ್ವವು ದೂರದ ವರ್ಗದಂತೆ ಬೆಳೆಯುತ್ತದೆ: ಕೇಂದ್ರದಿಂದ ಅರ್ಧ ಮೀಟರ್ ದೂರದಲ್ಲಿದ್ದ ಚೀಲವನ್ನು ಒಂದು ಮೀಟರಿಗೆ ಸರಿಸಿದರೆ ಅದರ ಪರಿಣಾಮ ಎರಡಲ್ಲ, ನಾಲ್ಕು ಪಟ್ಟು. ನೇತ್ರಾವತಿ ಸೇತುವೆಯ ಮೇಲೆ ಕಡಲ ಗಾಳಿ ಪಕ್ಕದಿಂದ ಹೊಡೆದಾಗ ಎತ್ತರದ ಪೆಟ್ಟಿಗೆಯ ಬೈಕು ಹೆಚ್ಚು ತೊನೆಯುವುದರಲ್ಲಿ ಪೆಟ್ಟಿಗೆಯ ಅಗಲದ ಜೊತೆಗೆ ಈ ಜಡತ್ವದ ಕೈವಾಡವೂ ಇದೆ. ಭಾರವಾದ ಸಾಮಾನನ್ನು, ಅಂದರೆ ಉಪಕರಣ, ನೀರು, ಬೀಗ, ಸರಪಳಿಗಳನ್ನು, ಟ್ಯಾಂಕಿನ ಮೇಲಿನ ಚೀಲಕ್ಕೋ ಪಕ್ಕದ ಚೀಲಗಳ ತಳಕ್ಕೋ ಸೇರಿಸಿ, ಹಿಂದಿನ ಪೆಟ್ಟಿಗೆಗೆ ಬಟ್ಟೆಯನ್ನು ಬಿಡಬೇಕೆಂಬ ಸಲಹೆಯ ಮೂಲ ಇಲ್ಲಿದೆ.

ಇಳಿಯುವಾಗ ಪ್ರಶ್ನೆ ಶಾಖದ್ದು. ಭಾರ ಹೆಚ್ಚಿದಷ್ಟೂ ಟಯರಿನ ಹಿಡಿತವೂ ಹೆಚ್ಚುತ್ತದೆ ಎಂಬುದು ಸರಿ, ಹಾಗಾಗಿ ಒಂದೇ ಒಂದು ತುರ್ತು ನಿಲುಗಡೆಯ ಅಂತರ ಸಿದ್ಧಾಂತದಲ್ಲಿ ಅಷ್ಟೇನೂ ಬದಲಾಗಬೇಕಾಗಿಲ್ಲ. ಹಿಂದಿನ ಚಕ್ರ ಒತ್ತಿ ಕುಳಿತಿರುವುದರಿಂದ, ಒಬ್ಬರೇ ಹೋಗುವಾಗ ಹೆಚ್ಚು ಕೆಲಸಕ್ಕೆ ಬಾರದ ಹಿಂದಿನ ಬ್ರೇಕು ಇಬ್ಬರಿದ್ದಾಗ ಹೆಚ್ಚು ಉಪಯುಕ್ತವೂ ಆಗುತ್ತದೆ. ಆದರೆ ಆಗುಂಬೆಯಿಂದ ಸೋಮೇಶ್ವರಕ್ಕೆ ಸುಮಾರು ಐನೂರು ಮೀಟರ್ ಕೆಳಗಿಳಿಯುವ, ಮೇಲಿನ ಲೆಕ್ಕದಂತೆ ಎಲ್ಲ ಸೇರಿ 356 ಕೆ.ಜಿ.ಯಾಗುವ ಬೈಕು ಹದಿನೇಳು ಲಕ್ಷ ಜೂಲ್‌ಗೂ ಮಿಕ್ಕಿದ ಶಕ್ತಿಯನ್ನು ಎಲ್ಲಾದರೂ ಬಿಟ್ಟುಕೊಡಲೇಬೇಕು. ಅದು ಆರು ಲೀಟರಿನಷ್ಟು ನೀರನ್ನು ಕುದಿಬಿಂದುವಿಗೆ ಏರಿಸಲು ಸಾಕಾಗುವ ಶಾಖ. ಒಬ್ಬನೇ ಸವಾರನಿದ್ದಾಗ ಅದು ಹದಿಮೂರು ಲಕ್ಷವಾಗಿರುತ್ತಿತ್ತು. ಗಾಳಿ ಮತ್ತು ಎಂಜಿನ್ ಒಂದು ಪಾಲನ್ನು ಹೀರಿದ ಮೇಲೆ ಉಳಿದದ್ದು ಒಂದೆರಡು ಸಣ್ಣ ಡಿಸ್ಕುಗಳಿಗೆ, ಹಳೆಯ ಬೈಕುಗಳಲ್ಲಿ ಮುಚ್ಚಿದ ಡ್ರಮ್ಮುಗಳಿಗೆ, ಹೋಗುತ್ತದೆ. ಡಿಸ್ಕ್ ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವ ಗುಣದ್ದು: ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ ಅದೇ ದರ್ಜೆಯ ದ್ರವಕ್ಕೆ ಮಾನಕ ಕೇಳುವುದು 155 ಡಿಗ್ರಿಯನ್ನು ಮಾತ್ರ. ವರ್ಷದ ಬಹುಭಾಗ ತೇವದಲ್ಲೇ ಕಳೆಯುವ ಮಂಗಳೂರಿನ ಬೈಕು ಈ ವಿಷಯದಲ್ಲಿ ಒಣ ಬಯಲುಸೀಮೆಯ ಬೈಕಿಗಿಂತ ಹಿಂದಿದೆ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಮೂಡಿ ಲಿವರ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಬ್ರೇಕು ಹಿಡಿಯುವುದಿಲ್ಲ. ಏರುವಾಗ ಬಳಸಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಬಸ್ ಚಾಲಕರು ಹೇಳುವ ಮಾತು ಬೈಕಿಗೂ ಅಷ್ಟೇ ಅನ್ವಯಿಸುತ್ತದೆ.

ಟಯರಿನ ಪಕ್ಕದಲ್ಲಿ ಅಳತೆಯ ಬಳಿಕ ಬರುವ ಎರಡಂಕಿಯ ಸಂಖ್ಯೆ ಅದು ಹೊರಬಲ್ಲ ತೂಕದ ಸಂಕೇತವಾಗಿದ್ದು, 52 ಎಂದರೆ 200 ಕೆ.ಜಿ., 62 ಎಂದರೆ 265, 69 ಎಂದರೆ 325. ಈ ಮಾತು ತಕ್ಕ ಗಾಳಿ ತುಂಬಿದ್ದಾಗ ಮಾತ್ರ ನಿಜ, ಅದಕ್ಕೆಂದೇ ಕೈಪಿಡಿಗಳು ಇಬ್ಬರಿದ್ದಾಗ ಹಿಂದಿನ ಟಯರಿಗೆ ಬೇರೆ ಒತ್ತಡ ಸೂಚಿಸುತ್ತವೆ. ಶಾಕ್ ಅಬ್ಸಾರ್ಬರಿನ ಹಲ್ಲುಬಳೆಯನ್ನು ತಿರುಗಿಸಿ ಸ್ಪ್ರಿಂಗನ್ನು ಗಟ್ಟಿ ಮಾಡಿದೆವೆಂದು ಹೇಳುವುದುಂಟು. ಸ್ಪ್ರಿಂಗು ಗಟ್ಟಿಯಾಗುವುದಿಲ್ಲ, ಮೊದಲೇ ಸ್ವಲ್ಪ ಅದುಮಿಕೊಂಡು ಕುಸಿದ ಹಿಂಭಾಗವನ್ನು ಮೇಲೆತ್ತುತ್ತದೆ. ಅದೂ ಸಣ್ಣ ಲಾಭವಲ್ಲ, ಹಿಂಭಾಗ ಕುಸಿದರೆ ಹೆಡ್‌ಲೈಟ್ ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಬೀಳುತ್ತದೆ.

ಕಾನೂನಿನ ಗಮನ ಇರುವುದು ಹೆಚ್ಚಾಗಿ ಜನರ ಎಣಿಕೆ ಮತ್ತು ಪೆಟ್ಟಿಗೆಯ ಅಳತೆಯ ಕಡೆಗೆ. ಸವಾರನಲ್ಲದೆ ಒಬ್ಬರಿಗೆ ಮಾತ್ರ ಅವಕಾಶವೆಂದು ಕಾಯ್ದೆ ಹೇಳಿದರೆ, ಕೇಂದ್ರ ಮೋಟಾರು ವಾಹನ ನಿಯಮಗಳ 2020ರ ತಿದ್ದುಪಡಿ ಪೆಟ್ಟಿಗೆಯ ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದೆಂದೂ, ಅದನ್ನು ಸಹಸವಾರರ ಜಾಗದಲ್ಲಿ ಇಟ್ಟರೆ ಎರಡನೆಯವರು ಕೂರಬಾರದೆಂದೂ ಹೇಳಿತು. ಮುಂದಿನ ಚಕ್ರದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ಸವಾರರೇ ನೋಡಿಕೊಳ್ಳಬೇಕು, ಅದಕ್ಕೆ ದೊಡ್ಡ ವೇ ಬ್ರಿಜ್ ಬೇಕಾಗಿಲ್ಲ. ಬಂದರು ಪ್ರದೇಶದ ಸಗಟು ಅಂಗಡಿಗಳಲ್ಲಿ ಅಕ್ಕಿ ಮೂಟೆ ತೂಗಲು ಇಡುವಂಥ ನೆಲಮಟ್ಟದ ತೂಕದ ಯಂತ್ರದ ಮೇಲೆ ಒಂದು ಚಕ್ರವನ್ನು ನಿಲ್ಲಿಸಿ, ಅಷ್ಟೇ ಎತ್ತರದ ಹಲಗೆಯನ್ನು ಇನ್ನೊಂದರ ಕೆಳಗಿಟ್ಟು, ಇಬ್ಬರೂ ಸಾಮಾನು ಸಮೇತ ಕುಳಿತಾಗ ಮೂರನೆಯವರು ಬೈಕನ್ನು ನೆಟ್ಟಗೆ ಹಿಡಿದರೆ ಒಂದು ಅಂಕಿ ಸಿಗುತ್ತದೆ. ಚಕ್ರಗಳನ್ನು ಅದಲುಬದಲು ಮಾಡಿದರೆ ಎರಡನೆಯದು. ಅವೆರಡರ ಮೊತ್ತವನ್ನು ಕೈಪಿಡಿಯ ಒಟ್ಟು ವಾಹನ ತೂಕದೊಂದಿಗೂ, ಹಿಂದಿನ ಚಕ್ರದ ಅಂಕಿಯನ್ನು ಟಯರಿನ ಸಂಕೇತದೊಂದಿಗೂ ಹೋಲಿಸಿದ ಮೇಲೆ, ಪೆಟ್ಟಿಗೆಯಿಂದ ಯಾವುದನ್ನು ತೆಗೆದು ಟ್ಯಾಂಕಿನ ಚೀಲಕ್ಕೆ ಹಾಕಬೇಕು, ಯಾವುದನ್ನು ಮನೆಯಲ್ಲೇ ಬಿಡಬೇಕು ಎಂಬುದು ಐದು ನಿಮಿಷದ ಕೆಲಸ.