ಗೋವಾದ ಪಗಾರ, ಗೋವಾದ ಖರ್ಚು

ಸಿಂದಗಿ, ಇಂಡಿ, ಮುದ್ದೇಬಿಹಾಳದಿಂದ ಗೋವಾಕ್ಕ ದುಡಿಯಾಕ ಹೊಂಟ ಅಣ್ಣಾರ, ಅಕ್ಕಾರ, ಈ ಮಾತು ನಿಮಗ.

ಅಲ್ಲಿ ಪಗಾರ ಹೆಚ್ಚು, ಖರೆ. ಆದ್ರ ಮೊದಲ ಮಳಿ ಲೆಕ್ಕ ಹಾಕ್ರಿ. ನಮ್ಮ ಜಿಲ್ಲಾದಾಗ ವರ್ಷಕ್ಕ ಸುಮಾರು 600 ಮಿಲಿಮೀಟರ್. ಗೋವಾದಾಗ 3,000 ಹತ್ರ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ದೊಳಗ. ಆಗ ಕಟ್ಟಡದ ಕೆಲಸ ಕಡಿಮಿ ಆಗ್ತದ. ಕೂಲಿ ನಿಲ್ತದ, ಖೋಲಿ ಬಾಡಿಗಿ ನಿಲ್ಲೂದಿಲ್ಲ. ಹನ್ನೆರಡು ತಿಂಗಳ ಬಾಡಿಗಿನ ಎಂಟು ತಿಂಗಳ ದುಡಿಮಿ ಮ್ಯಾಲ ಹಾಕಿ ನೋಡ್ರಿ, ಕೈಯಾಗ ಉಳಿಯೂದು ಎಷ್ಟು ಅಂತ ತಿಳೀತದ.

ಅಗ್ಗದ ಜಾಗಾ ಸಿಕ್ತು ಅಂತ ಕಡಲ ದಂಡಿಗೆ ಮನಿ ಹಾಕಬ್ಯಾಡ್ರಿ. ವಾಸ್ಕೋದ ಬೈನಾದಾಗ ನಮ್ಮ ಕನ್ನಡದ ಮಂದಿ ದಶಕಗಟ್ಟಲೆ ಬಾಳಿದ್ರು. 2004ರಾಗ ಅಲ್ಲಿ ಮನಿ ಕೆಡವಿದ್ರು. 2017ರಾಗ ಮತ್ತ ಕೆಡವಿದ್ರು. ಎರಡೂ ಸಲ ಮಳಿಗಾಲದಾಗ. ಸಣ್ಣ ಕೂಸು, ಮುದುಕರು, ಭಾಂಡೆ-ಹಾಸಿಗಿ ಎಲ್ಲಾ ಬಯಲಿಗೆ. ಕರೆಂಟ್ ಬಿಲ್ ಇದ್ದ ಮಾತ್ರಕ್ಕ ಜಾಗಾ ನಿಮ್ಮದಾಗೂದಿಲ್ಲ.

ರೇಷನ್ ಕಾರ್ಡ್ ಜೋಡಿ ಒಯ್ರಿ. ಅಲ್ಲಿನ ನ್ಯಾಯಬೆಲೆ ಅಂಗಡಿಯಾಗ ಬೆರಳಚ್ಚು ಕೊಟ್ರ ಕೇಂದ್ರದ ಪಾಲಿನ ಧಾನ್ಯ ಸಿಗ್ತದ. ರೊಟ್ಟಿ ಜ್ವಾಳ ಮಾತ್ರ ಊರಿಂದನ ಕಟ್ಕೊಂಡು ಹೋಗೂದು ಚಲೋ.

ನನಗ ಭಾಳ ಚಿಂತಿ ಇರೂದು ಮಕ್ಕಳದು. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲಿ ಹೆಚ್ಚಾಗಿ ಮರಾಠಿ, ಕೊಂಕಣಿದಾಗ ನಡೀತಾವ. ಇಲ್ಲಿ ಮೂರನೇತ್ತಾ ಓದೂ ಹುಡುಗಿ ಅಲ್ಲಿ ತಮ್ಮನ್ನ ನೋಡ್ಕೊಂತ ಖೋಲ್ಯಾಗ ಕುಂದರ್ತಾಳ. ಹೊಂಡೂ ಮೊದಲ ಊರ ಶಾಲಿ ಹೆಡ್‌ಮಾಸ್ತರ್‌ನ್ನ ಕಾಣ್ರಿ. ಗುಳೆ ಹೋದವರ ಮಕ್ಕಳಿಗೆ ಹತ್ತಿರದಾಗ ವಸತಿ ವ್ಯವಸ್ಥಾ ಅದನೇನು, ಕೇಳ್ರಿ.