ಹೈಸ್ಮನ್ ಗೆದ್ದವನ ತಂಡ ಓಟದಲ್ಲಿ ಕಟ್ಟಕಡೆಗೆ ಉಳಿದದ್ದೇಕೆ?

2024ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಗೌರವವಾದ ಹೈಸ್ಮನ್ ಟ್ರೋಫಿ ಕೊಲೊರಾಡೊ ವಿಶ್ವವಿದ್ಯಾಲಯದ ಟ್ರಾವಿಸ್ ಹಂಟರ್ ಪಾಲಾಯ್ತು. ಎರಡನೇ ಸ್ಥಾನ ಬಾಯ್ಸಿ ಸ್ಟೇಟ್‌ನ ಓಟಗಾರ ಆಷ್ಟನ್ ಜೆಂಟಿಗೆ. ಈ ಇಬ್ಬರ ಹೆಸರಿನ ಪಕ್ಕ ಇನ್ನೊಂದು ಲೆಕ್ಕ ಇಟ್ಟು ನೋಡಿ. ಆ ಸೀಸನ್‌ನಲ್ಲಿ ಜೆಂಟಿ ಒಬ್ಬನೇ ಚೆಂಡು ಹಿಡಿದು ಓಡಿದ್ದು 2,601 ಗಜ. ಹಂಟರ್ ಆಡಿದ ಕೊಲೊರಾಡೊ ತಂಡದ ಎಲ್ಲರೂ ಸೇರಿ 13 ಪಂದ್ಯಗಳಲ್ಲಿ ಓಡಿದ್ದು ಸುಮಾರು 850 ಗಜ. ಅಂದ್ರೆ ಪಂದ್ಯಕ್ಕೆ 65 ಗಜ. ಅಗ್ರ ದರ್ಜೆಯ ಕಾಲೇಜು ತಂಡಗಳಲ್ಲಿ ಇದು ಕಟ್ಟಕಡೆಯ ಸ್ಥಾನ. 2023ರಲ್ಲೂ ಇದೇ ಕಥೆ: ಪಂದ್ಯಕ್ಕೆ 69 ಗಜ, ಮತ್ತೆ ಕಡೆಯ ಸ್ಥಾನ.

ಇಷ್ಟು ಪ್ರತಿಭೆ, ಇಷ್ಟು ದುಡ್ಡು, ಇಷ್ಟು ಕ್ಯಾಮೆರಾ ಇದ್ದ ತಂಡಕ್ಕೆ ಓಡೋಕೆ ಯಾಕಾಗಲಿಲ್ಲ? ಇದು ಬರೀ ಕ್ರೀಡಾ ಪುಟದ ಪ್ರಶ್ನೆ ಅಂತ ನನಗೆ ಅನಿಸಲ್ಲ. ಯಾರ ಕೆಲಸ ಕಣ್ಣಿಗೆ ಬೀಳುತ್ತೆ, ಯಾರ ಕೆಲಸಕ್ಕೆ ಬೆಲೆ ಸಿಗುತ್ತೆ ಅನ್ನೋ ಪ್ರಶ್ನೆಯೂ ಇದರೊಳಗಿದೆ.

ಓಟ ಒಬ್ಬನದಲ್ಲ

ಮೊದಲು ಆಟ ಅರ್ಥ ಮಾಡಿಕೊಳ್ಳೋಣ. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಚೆಂಡು ಕೈಯಲ್ಲಿರುತ್ತೆ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ. ಮುಂದೆ ಹೋಗೋಕೆ ಎರಡು ದಾರಿ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಬಹುದು, ಇಲ್ಲವೇ ರನ್ನಿಂಗ್ ಬ್ಯಾಕ್ ಅದನ್ನು ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಬಹುದು.

ಎಸೆತ ನೋಡೋಕೆ ಚೆಂದ. ಓಟದಲ್ಲಿ ಬಹಳಷ್ಟು ಸಲ ಸಿಗೋದು ಮೂರು-ನಾಲ್ಕು ಗಜ. ಆದರೆ ಆ ಮೂರು-ನಾಲ್ಕು ಗಜದ ಮೇಲೆ ಇಡೀ ಆಟ ನಿಂತಿದೆ. ಓಡಬಲ್ಲ ತಂಡ ಗಡಿಯಾರವನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುತ್ತೆ, ತನ್ನ ಡಿಫೆನ್ಸ್‌ಗೆ ಉಸಿರಾಡೋಕೆ ಸಮಯ ಕೊಡುತ್ತೆ. ಓಟದ ಭಯವೇ ಇಲ್ಲ ಅಂದ್ರೆ ಎದುರಾಳಿ ಡಿಫೆಂಡರ್‌ಗಳು ನಿಶ್ಚಿಂತೆಯಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳ್ತಾರೆ. ಕೊಲೊರಾಡೊದ ಕ್ವಾರ್ಟರ್‌ಬ್ಯಾಕ್ ಶೆಡ್ಯೂರ್ ಸ್ಯಾಂಡರ್ಸ್ ಎರಡು ಸೀಸನ್‌ಗಳಲ್ಲಿ 94 ಸಲ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕೆ ಬಿದ್ದ. ಇದಕ್ಕೆ ಸ್ಯಾಕ್ ಅಂತಾರೆ.

ಓಟಗಾರನಿಗೆ ದಾರಿ ಮಾಡೋರು ಐದು ಜನ ಲೈನ್‌ಮನ್‌ಗಳು. ಒಬ್ಬೊಬ್ಬರೂ 130-140 ಕೆಜಿ ತೂಕದವರು. ಇವರ ಕೆಲಸ ಬರೀ ತಳ್ಳೋದಲ್ಲ. ಇಬ್ಬರು ಸೇರಿ ಒಬ್ಬ ಎದುರಾಳಿಯನ್ನು ಪಕ್ಕಕ್ಕೆ ಸರಿಸಬೇಕು. ಸರಿಯಾದ ಕ್ಷಣಕ್ಕೆ ಅವರಲ್ಲೊಬ್ಬ ಬಿಡಿಸಿಕೊಂಡು ಹಿಂದಿರುವ ಇನ್ನೊಬ್ಬನನ್ನು ತಡೆಯಬೇಕು. ಯಾರು ಯಾವಾಗ ಬಿಡಬೇಕು ಅನ್ನೋದನ್ನು ಮಾತಾಡಿಕೊಳ್ಳೋಕೆ ಅಲ್ಲಿ ಸಮಯ ಇರಲ್ಲ. ಕಬಡ್ಡಿಯಲ್ಲಿ ಕೈ ಹಿಡಿದು ನಿಂತ ಡಿಫೆಂಡರ್‌ಗಳನ್ನು ನೆನಪಿಸಿಕೊಳ್ಳಿ. ಒಬ್ಬ ಅರೆಕ್ಷಣ ತಡವಾದರೂ ರೈಡರ್ ಪಾರು. ಇಲ್ಲೂ ಅಷ್ಟೇ, ಐವರಲ್ಲಿ ನಾಲ್ವರು ಸರಿಯಾಗಿ ಮಾಡಿದರೂ ಐದನೆಯವನು ತಪ್ಪಿದರೆ ಓಟ ಅಲ್ಲೇ ಮುಗೀತು. ಈ ಹೊಂದಾಣಿಕೆ ಬರೋದು ಜೊತೆಯಲ್ಲಿ ಆಡಿದ ವರ್ಷಗಳಿಂದ.

ಲೆಕ್ಕದಲ್ಲೊಂದು ಮೋಸ

ಇಲ್ಲಿ ಅಂಕಿಅಂಶವನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸ್ಯಾಕ್‌ನಿಂದ ಕಳೆದುಕೊಂಡ ಗಜಗಳನ್ನು ತಂಡದ ಎಸೆತದ ಲೆಕ್ಕದಿಂದ ಕಳೀತಾರೆ. ಕಾಲೇಜು ಆಟದಲ್ಲಿ ಓಟದ ಲೆಕ್ಕದಿಂದ ಕಳೀತಾರೆ. ತಂಡ 100 ಗಜ ಓಡಿ, ನಾಲ್ಕು ಸ್ಯಾಕ್‌ಗಳಲ್ಲಿ 30 ಗಜ ಹಿಂದೆ ಬಿದ್ದರೆ ದಾಖಲೆಯಲ್ಲಿ ಉಳಿಯೋದು 70 ಗಜ. ಅಂದ್ರೆ ಎಸೆಯಲು ಹೋಗಿ ಆದ ನಷ್ಟದ ಬಿಲ್ ಓಟಗಾರರ ಹೆಸರಿಗೆ ಬೀಳುತ್ತೆ. ಕೊಲೊರಾಡೊದ ಅಂಕಿ ಅಷ್ಟು ಹೀನಾಯವಾಗಿ ಕಾಣೋಕೆ ಇದೂ ಒಂದು ಕಾರಣ.

ಹಾಗಂತ ಓಟ ಚೆನ್ನಾಗಿತ್ತು ಅಂತಲ್ಲ. 2024ರ ನವೆಂಬರ್‌ನಲ್ಲಿ ಬಿಗ್ 12 ಫೈನಲ್‌ನ ದಾರಿ ಕೊಲೊರಾಡೊ ಕೈಯಲ್ಲೇ ಇತ್ತು. ಆಗ ಕ್ಯಾನ್ಸಸ್ ತಂಡ 37-21ರಿಂದ ಅದನ್ನು ಸೋಲಿಸಿತು. ಅವತ್ತು ಕ್ಯಾನ್ಸಸ್‌ನ ಡೆವಿನ್ ನೀಲ್ ಒಬ್ಬನೇ ಓಡಿದ್ದು 207 ಗಜ. ಆ ವರ್ಷ ಬಿಗ್ 12 ಗೆದ್ದ ಅರಿಜೋನಾ ಸ್ಟೇಟ್‌ನ ಬೆನ್ನೆಲುಬೂ ಕ್ಯಾಮ್ ಸ್ಕಾಟೆಬೊ ಎಂಬ ಓಟಗಾರನೇ.

ಹಾಗಾದರೆ ಕೊಲೊರಾಡೊ ಓಟಗಾರರಲ್ಲೇ ದಮ್ ಇರಲಿಲ್ವಾ? ಆಂಟನಿ ಹ್ಯಾಂಕರ್‌ಸನ್ 2023ರಲ್ಲಿ ಕೊಲೊರಾಡೊಗೆ ಆಡಿದ. ಮುಂದಿನ ವರ್ಷ ಆರೆಗಾನ್ ಸ್ಟೇಟ್‌ಗೆ ಹೋಗಿ ಸಾವಿರ ಗಜ ದಾಟಿದ. ಕಾಲು ಅವೇ, ಮುಂದೆ ನಿಂತ ಐವರು ಬೇರೆ.

ಕೊಂಡು ತಂದ ತಂಡ

ಈ ಐವರ ಕಥೆ ಅರ್ಥವಾಗಬೇಕಾದರೆ 2021ಕ್ಕೆ ಹೋಗಬೇಕು. ಆ ವರ್ಷ ಎರಡು ಬದಲಾವಣೆ ಆದವು. ಆಟಗಾರರು ಒಂದು ಸಲ ಕಾಲೇಜು ಬದಲಿಸಿ ಕಾಯದೇ ಆಡಬಹುದು ಅಂತಾಯ್ತು. ಜೊತೆಗೆ ತಮ್ಮ ಹೆಸರು, ಚಿತ್ರಗಳಿಂದ ದುಡ್ಡು ಮಾಡಬಹುದು ಅಂತಾಯ್ತು. ಎರಡೂ ಬರಬೇಕಾದ ಹಕ್ಕುಗಳೇ. ದಶಕಗಳ ಕಾಲ ಕೋಟಿಗಟ್ಟಲೆ ವ್ಯಾಪಾರ ನಡೆದಿದ್ದು ಇವರ ಮೈಮೇಲೆ, ಇವರಿಗೆ ಸಿಕ್ಕಿದ್ದು ಸ್ಕಾಲರ್‌ಶಿಪ್ ಮಾತ್ರ.

ಡಿಯಾನ್ ಸ್ಯಾಂಡರ್ಸ್ 2022ರ ಕೊನೆಗೆ ಕೊಲೊರಾಡೊ ಕೋಚ್ ಆದಾಗ ತಂಡ 12ರಲ್ಲಿ 11 ಪಂದ್ಯ ಸೋತಿತ್ತು. ಅವರು ಹಳೆಯ ತಂಡವನ್ನು ಹೆಚ್ಚೂಕಡಿಮೆ ಪೂರ್ತಿ ಖಾಲಿ ಮಾಡಿಸಿ, ಬೇರೆ ಕಾಲೇಜುಗಳಿಂದ ಹೊಸಬರನ್ನು ತಂದರು. 2024ರಲ್ಲಿ ಲೈನ್ ಮತ್ತೊಮ್ಮೆ ಬದಲಾಯ್ತು. ಕ್ವಾರ್ಟರ್‌ಬ್ಯಾಕ್‌ನ ಎಡಬದಿ ಕಾಯುವ ಅತಿ ಜವಾಬ್ದಾರಿಯ ಜಾಗದಲ್ಲಿ ನಿಂತವನು ಮೊದಲ ವರ್ಷದ ಹುಡುಗ ಜೋರ್ಡನ್ ಸೀಟನ್. ಪ್ರತಿಭಾವಂತನೇ. ಆದರೆ ಪಕ್ಕದಲ್ಲಿರೋನ ಹೆಜ್ಜೆ ಗೊತ್ತಾಗೋಕೆ ಪ್ರತಿಭೆಯೊಂದೇ ಸಾಲದು.

ಒಪ್ಪಬೇಕಾದ ಮಾತೂ ಇದೆ. ಈ ದಾರಿಯಿಂದ ಸಂಪೂರ್ಣ ನಷ್ಟ ಆಗಲಿಲ್ಲ. 2024ರಲ್ಲಿ ಕೊಲೊರಾಡೊ 9 ಪಂದ್ಯ ಗೆದ್ದಿತು. ಅಷ್ಟು ಒಳ್ಳೆಯ ಎಸೆತಗಾರ, ಹಂಟರ್‌ನಂಥ ಹಿಡಿತಗಾರ ಇದ್ದಾಗ ಎಸೆತವನ್ನೇ ನಂಬೋದು ತಪ್ಪಲ್ಲ. ಆದರೆ ಒಂದು ಬೇಸಿಗೆಯಲ್ಲಿ ಕೊಂಡು ತರಬಹುದಾದದ್ದು ಬಿಡಿ ಪ್ರತಿಭೆ ಮಾತ್ರ. ಲೈನ್ ಸಿಗೋದು ಬಿಡಿಬಿಡಿಯಾಗಿ ಅಲ್ಲ.

ಅದೇ ವರ್ಷ ಓಟದಲ್ಲಿ ದೇಶಕ್ಕೇ ಮೊದಲು ಬಂದ ತಂಡ ಯಾವುದು ಗೊತ್ತಾ? ಆರ್ಮಿ, ಅಂದ್ರೆ ಅಮೆರಿಕದ ಸೇನಾ ಅಕಾಡೆಮಿ. ಪಂದ್ಯಕ್ಕೆ 300 ಗಜ. ಅಲ್ಲಿನ ಕೆಡೆಟ್‌ಗಳು ಜಾಹೀರಾತಿನ ದುಡ್ಡು ಮುಟ್ಟುವ ಹಾಗಿಲ್ಲ. ಆರ್ಮಿಯ ಆಟದ ಶೈಲಿಯೇ ಓಟ, ಹಾಗಾಗಿ ಆ ಸಂಖ್ಯೆ ದೊಡ್ಡದಾಗಿರೋದು ಸಹಜ. ಆದರೆ ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿಯೂ ಅವರಿಗೇ ಬಂತು. ಅದು ಒಬ್ಬನಿಗಲ್ಲ, ಇಡೀ ಗುಂಪಿಗೆ ಕೊಡುವ ಪ್ರಶಸ್ತಿ.

ಪರಿಹಾರ ಬೇಲಿಯಲ್ಲ

ಇಷ್ಟು ಹೇಳಿದ ತಕ್ಷಣ ಕೆಲವರು, "ನೋಡಿದ್ರಾ, ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟಿದ್ದೇ ತಪ್ಪು" ಅಂತಾರೆ. ನಾನು ಒಪ್ಪಲ್ಲ. ಕೋಚ್‌ಗಳು ಯಾವಾಗ ಬೇಕಾದರೂ ಕೆಲಸ ಬದಲಿಸ್ತಾರೆ. ಡಿಯಾನ್ ಅವರಿಗೆ 2025ರ ಮಾರ್ಚ್‌ನಲ್ಲಿ ಸಿಕ್ಕ ಐದು ವರ್ಷದ ಒಪ್ಪಂದದ ಮೊತ್ತ 54 ಮಿಲಿಯನ್ ಡಾಲರ್, ಸುಮಾರು 460 ಕೋಟಿ ರೂಪಾಯಿ. 19 ವರ್ಷದ ಲೈನ್‌ಮನ್ ಮಾತ್ರ ಕಟ್ಟಿಹಾಕಿದಂತೆ ಒಂದೇ ಕಡೆ ಇರಬೇಕಾ?

ಕೆಲಸಗಾರರು ಒಂದು ಕಡೆ ನಿಲ್ಲಬೇಕು ಅಂದ್ರೆ ನಿಲ್ಲೋಕೆ ಕಾರಣ ಕೊಡಬೇಕು: ಬಹುವರ್ಷದ ಒಪ್ಪಂದ, ಗಾಯಕ್ಕೆ ಭದ್ರತೆ, ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಯೂನಿಯನ್ ಕಟ್ಟಲು ಹೊರಟರು. ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಅವರನ್ನು ಉದ್ಯೋಗಿಗಳೆಂದು ಒಪ್ಪಿದರು. 2015ರಲ್ಲಿ ರಾಷ್ಟ್ರೀಯ ಮಂಡಳಿ ಈ ವಿಷಯಕ್ಕೆ ಕೈ ಹಾಕಲ್ಲ ಎಂದು ಸರಿದುಕೊಂಡಿತು. ಆಟಗಾರರು ಹಾಕಿದ ಮತಗಳ ಎಣಿಕೆಯೂ ಆಗಲಿಲ್ಲ. 2025ರಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 20.5 ಮಿಲಿಯನ್ ಡಾಲರ್. ಆದರೆ ಅವರನ್ನು ಉದ್ಯೋಗಿಗಳು ಎಂದು ಒಪ್ಪಿಲ್ಲ, ಯೂನಿಯನ್ ಇಲ್ಲ. ಆ ದುಡ್ಡನ್ನು ಯಾರಿಗೆ ಎಷ್ಟು ಹಂಚಬೇಕು ಅಂತ ತೀರ್ಮಾನಿಸುವ ಮೇಜಿನಲ್ಲಿ ಲೈನ್‌ಮನ್‌ಗೆ ಕುರ್ಚಿಯಿಲ್ಲ.

ಅದೇ ವರ್ಷ ಕೊಲೊರಾಡೊ ಓಟಗಾರರಿಗೆ ಕಲಿಸಲು ಎನ್‌ಎಫ್‌ಎಲ್ ದಂತಕಥೆ ಮಾರ್ಷಲ್ ಫಾಕ್ ಅವರನ್ನು ಕರೆಸಿಕೊಂಡಿತು. ಇನ್ನೊಂದು ದೊಡ್ಡ ಹೆಸರು. ಓಟ ಸರಿಹೋಗಬೇಕಾದರೆ ಮೊದಲು ಬೇಕಿರೋದು ಮುಂದಿನ ವರ್ಷವೂ ಒಟ್ಟಿಗೇ ಇರುವ ಐದು ಜನ.